ಎವರೆಸ್ಟ್ ಅಳೆಯಲು ಬೆಂಗಳೂರಿನಲ್ಲಿ ಹಿಡಿದ ಸರಪಳಿ

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೊದಲೇ ಒಂದು ತಪ್ಪೊಪ್ಪಿಗೆ. ಎರಡನೇ ವರ್ಷದ ಸರ್ವೇಯಿಂಗ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್ ಕಾಲೇಜಿನ ಮೈದಾನದ ಸುತ್ತ ಥಿಯೊಡೊಲೈಟ್ ಹಿಡಿದು ನಾಲ್ಕು ಕೋನ ಅಳೆಯಬೇಕಿತ್ತು. ನಾಲ್ಕೂ ಕೂಡಿಸಿದರೆ 360 ಡಿಗ್ರಿ ಬರಬೇಕು. ನಮಗೆ ಬರಲಿಲ್ಲ. ಬಿಸಿಲು ಜೋರಾಗಿತ್ತು, ಹಸಿವಾಗಿತ್ತು. ಇನ್ನೊಮ್ಮೆ ಉಪಕರಣ ನಿಲ್ಲಿಸುವ ಬದಲು ಕ್ಯಾಂಟೀನಿನಲ್ಲಿ ಕುಳಿತು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಕೋನಗಳನ್ನು ಸ್ವಲ್ಪ ಸ್ವಲ್ಪ ತಿದ್ದಿ ರೆಕಾರ್ಡ್ ಬರೆದೆವು. ಸಹಿಯೂ ಬಿತ್ತು, ಅಂಕವೂ ಬಂತು. ನಮ್ಮಲ್ಲಿ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ.

ಅದು ತಪ್ಪು ಎಂದು ನನಗೆ ಅನ್ನಿಸಿದ್ದು ಒಂದು ವರ್ಷ ತಡವಾಗಿ, ಇನ್ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬನ ಬಗ್ಗೆ ಓದಿದಾಗ. ಆತನ ಹೆಸರು ವಿಲಿಯಂ ಲ್ಯಾಂಬ್ಟನ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಜಗತ್ತಿನ ಅತಿ ಎತ್ತರದ ಶಿಖರ ಎವರೆಸ್ಟ್, 8,848.86 ಮೀಟರ್ ಎಂದು ಬಾಯಿಪಾಠ ಮಾಡಿರುತ್ತೀರಿ. ಎರಡನೆಯದು ಕೆ2, 8,611 ಮೀಟರ್. ಮೂರನೆಯದು ಕಾಂಚನಜುಂಗಾ, 8,586 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಪಟ್ಟಿ ನಮಗೆ ಗೊತ್ತು. ಆದರೆ ಹತ್ತಲಾಗದ ಬೆಟ್ಟದ ಎತ್ತರವನ್ನು ನೂರು ಮೈಲಿ ದೂರದಲ್ಲಿ ನಿಂತು ಹೇಗೆ ಅಳೆದರು ಎಂದು ಎಷ್ಟು ಜನ ಕೇಳಿದ್ದೇವೆ? ಆ ಅಳತೆಯ ಮೊದಲ ಸರಪಳಿಯನ್ನು ಎಳೆದದ್ದು ನಮ್ಮ ಬೆಂಗಳೂರಿನಲ್ಲಿ. ಎಳೆಸಿದವನು ಲ್ಯಾಂಬ್ಟನ್.

ಹದಿಮೂರು ವರ್ಷ ನಿಂತಲ್ಲೇ ನಿಂತ ಬದುಕು

ಲ್ಯಾಂಬ್ಟನ್ ಹುಟ್ಟಿದ್ದು ಸುಮಾರು 1753ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ನಾರ್ಥ್‌ಅಲರ್ಟನ್ ಬಳಿಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ದುಡ್ಡಿರಲಿಲ್ಲ. ಗಣಿತದಲ್ಲಿ ಮಾತ್ರ ತಲೆ ಚುರುಕು. ಸೇನೆ ಸೇರಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲಕ್ಕೆ ಅಲ್ಲಿಗೆ ಹೋದ. ಆ ಯುದ್ಧದಲ್ಲಿ ಬ್ರಿಟಿಷರು ಸೋತರು. ಲ್ಯಾಂಬ್ಟನ್ ಈಗಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಉಳಿದು, ಸೈನಿಕರ ವಸತಿ ನೋಡಿಕೊಳ್ಳುವ ಬ್ಯಾರಕ್ ಮಾಸ್ಟರ್ ಆದ.

ಆ ಕೆಲಸದಲ್ಲಿ ಆತ ಕಳೆದದ್ದು ಸುಮಾರು ಹದಿಮೂರು ವರ್ಷ. ಬಡ್ತಿ ಇಲ್ಲ, ಹೆಸರಿಲ್ಲ. ಓರಗೆಯವರು ಮೇಜರ್, ಕರ್ನಲ್ ಆಗುತ್ತಿದ್ದಾಗ ಈತ ಸೌದೆ, ಹಾಸಿಗೆಗಳ ಲೆಕ್ಕ ಬರೆಯುವ ಹುದ್ದೆಯಲ್ಲೇ ಇದ್ದ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿಗೂ ಪೆಟ್ಟು ಬಿತ್ತು ಎನ್ನುತ್ತಾರೆ. ಪ್ಲೇಸ್‌ಮೆಂಟ್ ಆಗಿಲ್ಲ ಎಂದು ಇಪ್ಪತ್ತೆರಡಕ್ಕೇ ಬದುಕು ಮುಗಿದಂತೆ ಮುಖ ಮಾಡಿಕೊಳ್ಳುವ ನಾವು ಈ ಹದಿಮೂರು ವರ್ಷಗಳನ್ನು ಒಮ್ಮೆ ನೆನೆಯಬೇಕು. ಆ ವರ್ಷಗಳಲ್ಲಿ ಆತ ಬಿಡುವು ಸಿಕ್ಕಾಗಲೆಲ್ಲ ಗಣಿತ ಓದಿದ. ಭೂಮಿಯ ಆಕಾರದ ಬಗ್ಗೆ ಯೂರೋಪಿನಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಬಿಡದೆ ಹಿಂಬಾಲಿಸಿದ. ಅದನ್ನು ಯಾರೂ ಕೇಳಿರಲಿಲ್ಲ, ಅದಕ್ಕೆ ಸಂಬಳವೂ ಇರಲಿಲ್ಲ.

ಅಷ್ಟರಲ್ಲಿ ಆತನ 33ನೇ ರೆಜಿಮೆಂಟಿಗೆ ಆರ್ಥರ್ ವೆಲ್ಲೆಸ್ಲಿ ಕರ್ನಲ್ ಆಗಿ ಬಂದಿದ್ದ. ಮುಂದೆ ವಾಟರ್ಲೂ ಗೆದ್ದು ವೆಲ್ಲಿಂಗ್ಟನ್ ಡ್ಯೂಕ್ ಆದವನು ಇವನೇ. ರೆಜಿಮೆಂಟು ಭಾರತಕ್ಕೆ ಹೊರಟಿತು. ಬ್ಯಾರಕ್ ಕೆಲಸ ಬಿಟ್ಟು ಲ್ಯಾಂಬ್ಟನ್ ಕೂಡ ಇಲ್ಲಿಗೆ ಬಂದು ಸೇರಿಕೊಂಡ. ಆಗ ವಯಸ್ಸು ನಲವತ್ತು ದಾಟಿತ್ತು.

ನಕ್ಷತ್ರ ನೋಡಿ ದಾರಿ ಹೇಳಿದವನು

1799ರಲ್ಲಿ ನಾಲ್ಕನೇ ಮೈಸೂರು ಯುದ್ಧ. ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಹತ್ತಿರ ಬಂದಿತ್ತು. ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ನಡೆಯುತ್ತಿತ್ತು. ತಾವು ಉತ್ತರಕ್ಕೆ, ಅಂದರೆ ತಮ್ಮ ಶಿಬಿರದ ಕಡೆಗೆ ಹೋಗುತ್ತಿದ್ದೇವೆ ಎಂದು ಬೇರ್ಡ್ ನಂಬಿದ್ದ. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿದ. ಅವರು ದಕ್ಷಿಣಕ್ಕೆ, ನೇರವಾಗಿ ಟಿಪ್ಪು ಸುಲ್ತಾನನ ಸೇನೆಯ ಕಡೆಗೆ ನಡೆಯುತ್ತಿದ್ದರು. ಆತ ಅದನ್ನು ಹೇಳಿದ. ಮೊದಲು ನಂಬದ ಜನರಲ್ ಆಮೇಲೆ ದಿಕ್ಸೂಚಿ ನೋಡಿ ತುಕಡಿಯನ್ನು ತಿರುಗಿಸಿದ.

ಇದನ್ನು ಓದುವಾಗ ನಮಗೆ ಎರಡು ಮನಸ್ಸಾಗುತ್ತದೆ. ಆ ರಾತ್ರಿ ದಾರಿ ತಪ್ಪಿದ್ದರೆ ಚೆನ್ನಾಗಿತ್ತಲ್ಲ ಎಂದು ನನ್ನ ಗೆಳೆಯನೊಬ್ಬ ಹೇಳಿದ. ನಿಜ, ಲ್ಯಾಂಬ್ಟನ್ ನಮ್ಮ ನೆಲವನ್ನು ಗೆಲ್ಲಲು ಬಂದ ಸೇನೆಯ ಮನುಷ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಗೆದ್ದವರಿಗೆ ಗೆದ್ದ ನಾಡಿನ ನಕ್ಷೆ ಬೇಕಿತ್ತು. ಕಂದಾಯಕ್ಕೂ ಬೇಕು, ಫಿರಂಗಿ ಸಾಗಿಸಲೂ ಬೇಕು. ಲ್ಯಾಂಬ್ಟನ್‌ನ ಕೆಲಸಕ್ಕೆ ಹಣ ಸಿಕ್ಕಿದ್ದು ಈ ಕಾರಣಕ್ಕೆ. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳಿದರೆ ಅದೂ ರೆಕಾರ್ಡ್ ತಿದ್ದಿದ ಹಾಗೆಯೇ.

ಆದರೆ ಆತ ಕೇಳಿದ್ದು ಬರೀ ಮೈಸೂರಿನ ನಕ್ಷೆಗೆ ಅವಕಾಶವನ್ನಲ್ಲ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಸಾಲು ಹಾಸಿ ಇಡೀ ಪರ್ಯಾಯ ದ್ವೀಪವನ್ನು ಅಳೆಯುತ್ತೇನೆ, ಜೊತೆಗೆ ಭೂಮಿಯ ವಕ್ರತೆಯನ್ನೂ ಲೆಕ್ಕ ಹಾಕುತ್ತೇನೆ ಎಂದ. ಮದ್ರಾಸಿನಲ್ಲಿ ಹಣಕಾಸು ನೋಡುವವರಲ್ಲಿ ಒಬ್ಬರಿಗೆ ಇದು ದಂಡದ ಖರ್ಚು ಅನ್ನಿಸಿತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಊರಿನ ಹೆಸರು ಹೇಳಿದರೆ ಸಾಕು, ಅದಕ್ಕೆ ನಕ್ಷೆ ಏಕೆ ಎಂಬುದು ಅವರ ವಾದ. ವೆಲ್ಲೆಸ್ಲಿಯ ಬೆಂಬಲ ಇದ್ದುದರಿಂದ ಒಪ್ಪಿಗೆ ಸಿಕ್ಕಿತು.

ಬೆಂಗಳೂರಿನ ಮೊದಲ ಗೆರೆ

1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಬಯಲಿನಲ್ಲಿ ಲ್ಯಾಂಬ್ಟನ್ ತನ್ನ ಮೊದಲ ಆಧಾರರೇಖೆಯನ್ನು ಅಳೆದ. ಉದ್ದ ಸುಮಾರು 7.43 ಮೈಲಿ, ಅಂದರೆ 12 ಕಿಲೊಮೀಟರಿಗೆ ಹತ್ತಿರ.

ಆಗ ಕಂಟೋನ್ಮೆಂಟ್ ಇನ್ನೂ ಇರಲಿಲ್ಲ. ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ಎತ್ತಿಕೊಂಡು ಇಲ್ಲಿಗೆ ಬಂದದ್ದು 1809ರ ಹೊತ್ತಿಗೆ. ಶಿವಾಜಿನಗರದ ಬಸ್ ನಿಲ್ದಾಣ, ಇಂದಿರಾನಗರದ ನೂರಡಿ ರಸ್ತೆ, ಕೆ.ಆರ್. ಪುರದ ತೂಗುಸೇತುವೆ ಯಾವುದೂ ಇಲ್ಲ. ಹಲಸೂರು ಸೋಮೇಶ್ವರ ದೇವಸ್ಥಾನ ಮತ್ತು ಕೆರೆ ಇದ್ದ ಒಂದು ಹಳ್ಳಿ. ಸುತ್ತ ಹೊಲ, ಕೆರೆ, ಕುಂಟೆ.

ಆಧಾರರೇಖೆ ಏಕೆ ಬೇಕು ಎಂಬುದು ಡಿಪ್ಲೊಮಾ ಓದಿದವರಿಗೂ ಗೊತ್ತು. ತ್ರಿಕೋನದ ಒಂದು ಬಾಹು ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದ ತೆಗೆಯಬಹುದು. ಆ ಬಾಹುಗಳ ಮೇಲೆ ಮತ್ತೆ ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ಮಾತ್ರ ಅಳೆಯುತ್ತಾ ಇಡೀ ದೇಶ ದಾಟಬಹುದು. ಆದರೆ ಮೊದಲ ಬಾಹುವನ್ನು ನೆಲದ ಮೇಲೆ ನಿಜವಾಗಿ ಅಳೆಯಲೇಬೇಕು. ಅದರಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಲ್ಯಾಂಬ್ಟನ್ ಬಳಿ ಇದ್ದದ್ದು ಲಂಡನ್ನಿನ ಜೆಸ್ಸಿ ರ‍್ಯಾಮ್ಸ್‌ಡೆನ್ ಮಾದರಿಯ ಉಕ್ಕಿನ ಸರಪಳಿ. ಉದ್ದ 100 ಅಡಿ, ಎರಡೂವರೆ ಅಡಿಯ 40 ಕೊಂಡಿಗಳು. ಚೀನಾದ ಚಕ್ರವರ್ತಿಗೆ ಉಡುಗೊರೆ ಕೊಡಲು ಬ್ರಿಟಿಷ್ ನಿಯೋಗ ಒಯ್ದಿದ್ದ ವಸ್ತುಗಳಲ್ಲಿ ಅದೂ ಒಂದು. ಅಲ್ಲಿ ಬೇಡವಾಗಿ ಕಲ್ಕತ್ತೆಗೆ ಬಂದು ಬಿದ್ದಿತ್ತು. ಈ ಸರಪಳಿಯನ್ನು ನಾವು ಲ್ಯಾಬ್‌ನಲ್ಲಿ ಮಾಡಿದಂತೆ ನೆಲದ ಮೇಲೆ ಎಳೆಯುವ ಹಾಗಿರಲಿಲ್ಲ. ಮೂರು ಕಾಲಿನ ಊರುಗೋಲುಗಳ ಮೇಲೆ ಮರದ ಪೆಟ್ಟಿಗೆಗಳನ್ನು ಸಾಲಾಗಿ, ಸಮಮಟ್ಟದಲ್ಲಿ ನಿಲ್ಲಿಸಿ, ಅದರೊಳಗೆ ಸರಪಳಿ ಮಲಗಿಸುತ್ತಿದ್ದರು. ಬಿಸಿಲು ಬೀಳದಂತೆ ನೆರಳು ಮಾಡುತ್ತಿದ್ದರು. ಪಕ್ಕದಲ್ಲಿ ಉಷ್ಣಮಾಪಕಗಳು. ಪ್ರತಿ ನೂರು ಅಡಿಗೂ ತಾಪಮಾನ ಬರೆದುಕೊಳ್ಳಬೇಕು.

ಏಕಿಷ್ಟು ರಗಳೆ ಎಂದು ನಾನೇ ಲೆಕ್ಕ ಹಾಕಿ ನೋಡಿದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಭಾಗದಷ್ಟು ಹಿಗ್ಗುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ ಬೆಂಗಳೂರಿನಲ್ಲಿ 10 ಡಿಗ್ರಿ ಏರುವುದು ಸಾಮಾನ್ಯ. ಅಷ್ಟಕ್ಕೆ 100 ಅಡಿಯ ಸರಪಳಿ ಸುಮಾರು 0.14 ಇಂಚು ಹಿಗ್ಗುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ. ಆದರೆ 7.43 ಮೈಲಿಗೆ ಸರಪಳಿಯನ್ನು ಸುಮಾರು 392 ಸಲ ಇಡಬೇಕು. ಒಟ್ಟು ತಪ್ಪು ನಾಲ್ಕೂವರೆ ಅಡಿ! ಉಷ್ಣಮಾಪಕ ನೋಡಲು ಬೇಸರಪಟ್ಟಿದ್ದರೆ ಭಾರತದ ನಕ್ಷೆಯ ಮೊದಲ ಗೆರೆಯೇ ಒಬ್ಬ ಹುಡುಗನ ಎತ್ತರದಷ್ಟು ತಪ್ಪಾಗುತ್ತಿತ್ತು.

ನಾಲ್ಕು ಇಂಚಿನೊಳಗಿನ ವ್ಯತ್ಯಾಸ

ಬೆಂಗಳೂರಿನ ಅಳತೆ ಒಂದು ರೀತಿಯ ತಾಲೀಮು. ದೊಡ್ಡ ಥಿಯೊಡೊಲೈಟ್ ಇಂಗ್ಲೆಂಡಿನಿಂದ ಇನ್ನೂ ಬರಬೇಕಿತ್ತು. ಲಂಡನ್ನಿನ ವಿಲಿಯಂ ಕ್ಯಾರಿ ತಯಾರಿಸಿದ ಆ ಉಪಕರಣದ ತೂಕ ಸುಮಾರು ಅರ್ಧ ಟನ್, ಅಡ್ಡ ವೃತ್ತದ ವ್ಯಾಸ ಮೂರು ಅಡಿ. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ದಾರಿಯಲ್ಲಿ ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆ ತೆರೆದು ನೋಡಿ ಅದು ವಿಜ್ಞಾನದ ಸಾಧನ ಎಂದು ಗೊತ್ತಾದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಮರ್ಯಾದೆಯಿಂದ ಮದ್ರಾಸಿಗೆ ಕಳುಹಿಸಿಕೊಟ್ಟ. ಎರಡು ದೇಶಗಳ ನಡುವೆ ಯುದ್ಧ ನಡೆದಿದ್ದ ಕಾಲವದು.

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆಯ ಅಳತೆ ಶುರುವಾಯಿತು. ಮಹಾ ತ್ರಿಕೋನಮಿತಿ ಸಮೀಕ್ಷೆ ಆರಂಭವಾದ ದಿನ ಎಂದು ಪುಸ್ತಕಗಳು ಹೇಳುವುದು ಇದನ್ನೇ. ಅಲ್ಲಿಂದ ತ್ರಿಕೋನಗಳು ಒಂದೊಂದಾಗಿ ಪಶ್ಚಿಮಕ್ಕೆ, ಮೈಸೂರಿನ ಪ್ರಸ್ಥಭೂಮಿಯ ಮೇಲಕ್ಕೆ ಹತ್ತಿ ಬಂದವು. 1804ರಲ್ಲಿ ಅವು ಬೆಂಗಳೂರು ತಲುಪಿದಾಗ ನಿಜವಾದ ಪರೀಕ್ಷೆ ಎದುರಾಯಿತು. ಮದ್ರಾಸಿನ ರೇಖೆಯಿಂದ ಹೊರಟು, ಅಷ್ಟು ದೂರ ಕೋನಗಳ ಲೆಕ್ಕದಿಂದಲೇ ಬಂದರೆ ಬೆಂಗಳೂರಿನ ರೇಖೆಯ ಉದ್ದ ಎಷ್ಟು ಬರಬೇಕು? ಅದೇ ರೇಖೆಯನ್ನು ನೆಲದ ಮೇಲೆ ಸರಪಳಿ ಹಿಡಿದು ಅಳೆದರೆ ಎಷ್ಟು ಬರುತ್ತದೆ? ಆತನ ಸಹಾಯಕ ಜಾನ್ ವಾರನ್ ಇಲ್ಲಿ ಹೊಸದಾಗಿ ಸರಪಳಿ ಹಿಡಿದ. ಏಳು ಮೈಲಿಗೂ ಉದ್ದದ ರೇಖೆಯಲ್ಲಿ ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ.

ನಮ್ಮ ಮೈದಾನದಲ್ಲಿ ನಾಲ್ಕು ಕೋನ ಕೂಡಲಿಲ್ಲ ಎಂದು ಹೇಳಿದೆನಲ್ಲ, ಅದು ನೆನಪಾಗಿ ಈ ಸಾಲು ಓದಿದಾಗ ನನಗೆ ಪುಸ್ತಕ ಮುಚ್ಚಬೇಕು ಅನ್ನಿಸಿತು. ಆತ ಮನಸ್ಸು ಮಾಡಿದ್ದರೆ ಆ ಇಂಚುಗಳನ್ನೂ ಅಳಿಸಿಬಿಡಬಹುದಿತ್ತು. ಪರೀಕ್ಷಿಸುವವರು ಯಾರೂ ಇರಲಿಲ್ಲ. ಆತ ವ್ಯತ್ಯಾಸವನ್ನೂ ಬರೆದಿಟ್ಟ.

ತ್ರಿಕೋನಗಳು ಇಲ್ಲಿಂದ ಪಶ್ಚಿಮಕ್ಕೆ ಹೋದವು. ಕರಾವಳಿಗೆ ಕೊಂಡಿ ಹಾಕಲು ಹೆನ್ರಿ ಕೇಟರ್ ಎಂಬ ಯುವ ಅಧಿಕಾರಿ ಎತ್ತರದ ಬೆಟ್ಟಗಳನ್ನು ಹುಡುಕಿದ. ಹಾಗೆ ಆರಿಸಿಕೊಂಡ ಬೆಟ್ಟಗಳಲ್ಲಿ ಕೊಡಗಿನ ತಡಿಯಂಡಮೋಳ್ ಒಂದು. ಇಂದು ನಮ್ಮವರು ವಾರಾಂತ್ಯದ ಟ್ರೆಕ್ಕಿಂಗ್‌ಗೆ ಹೋಗುವ, 1,748 ಮೀಟರ್ ಎತ್ತರದ ಅದೇ ಬೆಟ್ಟ. 1806ರ ಹೊತ್ತಿಗೆ ಕರಾವಳಿಯಿಂದ ಕರಾವಳಿಗೆ ಅಳತೆ ಮುಗಿಯಿತು. ಬಂದ ಅಗಲ ಸುಮಾರು 360 ಮೈಲಿ. ಅದುವರೆಗಿನ ನಕ್ಷೆಗಳು 400 ಮೈಲಿ ಎನ್ನುತ್ತಿದ್ದವು. ಇಷ್ಟು ದಿನ ಇದ್ದ ನಲವತ್ತು ಮೈಲಿ ನೆಲ ಕಾಗದದ ಮೇಲೆ ಇಲ್ಲವಾಯಿತು.

ಕಾಕ್ಸ್ ಟೌನಿನ ಒಂದು ಹೆಸರು

ಬೆಂಗಳೂರಿನಿಂದಲೇ ಇನ್ನೊಂದು ಕೆಲಸವೂ ಹೊರಟಿತು. ದಕ್ಷಿಣೋತ್ತರವಾಗಿ, ಸುಮಾರು 78 ಡಿಗ್ರಿ ರೇಖಾಂಶದ ಉದ್ದಕ್ಕೆ ತ್ರಿಕೋನಗಳ ಸರಣಿ. ಇದಕ್ಕೆ ಮಹಾ ಚಾಪ ಎಂದು ಹೆಸರು. ಒಂದು ಡಿಗ್ರಿ ಅಕ್ಷಾಂಶಕ್ಕೆ ನೆಲದ ಮೇಲೆ ಎಷ್ಟು ದೂರ ಎಂದು ಬೇರೆ ಬೇರೆ ಕಡೆ ಅಳೆದರೆ ಭೂಮಿಯ ಆಕಾರ ಸಿಗುತ್ತದೆ. ಅದಕ್ಕಾಗಿ ಕೆಲವು ಜಾಗಗಳಲ್ಲಿ ರಾತ್ರಿಯಿಡೀ ನಕ್ಷತ್ರ ನೋಡಿ ಅಕ್ಷಾಂಶ ನಿರ್ಧರಿಸಬೇಕಿತ್ತು. ಅಂಥ ಒಂದು ಜಾಗದ ಹೆಸರು ಲ್ಯಾಂಬ್ಟನ್‌ನ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ದೊಡ್ಡಗುಂಟ. ಅಕ್ಷಾಂಶ ಹೆಚ್ಚು ಕಡಿಮೆ ಸರಿಯಾಗಿ 13 ಡಿಗ್ರಿ.

ಹಲಸೂರಿನಿಂದ ಕಾಕ್ಸ್ ಟೌನ್ ಕಡೆ ಹೋದರೆ ದೊಡ್ಡಿಗುಂಟ ಎಂಬ ಹೆಸರು ಇಂದಿಗೂ ಸಿಗುತ್ತದೆ. ನಾನು ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದ್ದೇನೆ. ಬೇಕರಿ, ಮೆಡಿಕಲ್ ಸ್ಟೋರ್, ಸ್ಕೂಟರ್ ರಿಪೇರಿ ಅಂಗಡಿ. ಲಂಡನ್ನಿನ ವಿಜ್ಞಾನಿಗಳು ಭೂಮಿಯ ಆಕಾರ ಚರ್ಚಿಸುವಾಗ ಈ ಕನ್ನಡ ಹೆಸರನ್ನು ಓದಿದ್ದರು ಎಂದು ತಿಳಿದ ಮೇಲೆ ಆ ರಸ್ತೆಯಲ್ಲಿ ಒಮ್ಮೆ ಸುಮ್ಮನೆ ನಿಂತು ಬಂದೆ.

ದಕ್ಷಿಣಕ್ಕೆ ಹೋಗುತ್ತಾ ತಮಿಳುನಾಡಿನ ಬಯಲಿನಲ್ಲಿ ಬೆಟ್ಟಗಳು ಸಿಗಲಿಲ್ಲ. ದೇವಸ್ಥಾನದ ಗೋಪುರಗಳ ಮೇಲೆ ಉಪಕರಣ ಏರಿಸಬೇಕಾಯಿತು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಮೇಲಕ್ಕೆ ಎತ್ತುವಾಗ ಹಗ್ಗ ಹರಿದು, ಆ ಅರ್ಧ ಟನ್ನಿನ ಥಿಯೊಡೊಲೈಟ್ ಗೋಡೆಗೆ ಅಪ್ಪಳಿಸಿತು. ವೃತ್ತ ಸೊಟ್ಟಗಾಯಿತು. ಹೊಸದು ತರಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಯಾರ ಮೇಲೂ ಎಗರಾಡಲಿಲ್ಲ. ಉಪಕರಣವನ್ನು ತಿರುಚಿನಾಪಳ್ಳಿಗೆ ಒಯ್ದು, ಕೆಲವೇ ಕುಶಲಕರ್ಮಿಗಳನ್ನು ಜೊತೆಗಿಟ್ಟುಕೊಂಡು, ಸುಮಾರು ಆರು ವಾರ ಬಾಗಿಲು ಹಾಕಿಕೊಂಡು ಕುಳಿತ. ಬೆಣೆ, ತಿರುಪು, ರಾಟೆಗಳಿಂದ ಆ ಲೋಹದ ವೃತ್ತವನ್ನು ಕೂದಲೆಳೆಯಷ್ಟೇ ಎಳೆದೆಳೆದು ಮೊದಲಿನ ಆಕಾರಕ್ಕೆ ತಂದ. ಮುಂದೆ ಅದೇ ಉಪಕರಣ ವರ್ಷಗಟ್ಟಲೆ ಕೆಲಸ ಮಾಡಿತು.

ಉತ್ತರಕ್ಕೆ ಸರಣಿ ಗುತ್ತಿ ದಾಟಿ ಬೀದರ್‌ವರೆಗೆ ಬಂತು. 1815ರಲ್ಲಿ ಬೀದರ್ ಸಮೀಪದ ದಾಮರಗಿದ್ದದಲ್ಲಿ ಮತ್ತೊಂದು ಆಧಾರರೇಖೆ. ಕನ್ಯಾಕುಮಾರಿ ಬಳಿಯಿಂದ ಅಲ್ಲಿಯವರೆಗೆ ಸುಮಾರು ಹತ್ತು ಡಿಗ್ರಿಗಳ ಚಾಪ ಸಿದ್ಧವಾಗಿತ್ತು. ಯೂರೋಪಿನಲ್ಲಿ ಹೆಸರು ಬಂತು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಫೆಲೊ ಆಗಿ ಆರಿಸಿತು. ಬ್ಯಾರಕ್ ಲೆಕ್ಕ ಬರೆಯುತ್ತಿದ್ದವನಿಗೆ ಆಗ ಅರವತ್ತು ದಾಟಿತ್ತು.

ಈ ಕೆಲಸ ಒಬ್ಬನದಲ್ಲ. ಬೆಟ್ಟದ ತುದಿಯಲ್ಲಿ ಮರ ಕಡಿದವರು, ಬಾವುಟ ಹಿಡಿದು ದಿನವಿಡೀ ನಿಂತವರು, ಅರ್ಧ ಟನ್ನಿನ ಪೆಟ್ಟಿಗೆ ಹೊತ್ತವರು, ಕಾಡಿನಲ್ಲಿ ಚಳಿಜ್ವರ ಬಂದು ಸತ್ತವರು ಬಹುಪಾಲು ನಮ್ಮ ಜನ. ಅವರ ಹೆಸರು ಎಲ್ಲೂ ಸಿಗುವುದಿಲ್ಲ. ಮದ್ರಾಸಿನ ಸರ್ವೇ ಶಾಲೆಯಿಂದ ಬಂದ ಹುಡುಗರಲ್ಲಿ ಜೋಶುವಾ ಡಿ ಪೆನ್ನಿಂಗ್ ಒಬ್ಬನ ಹೆಸರು ಉಳಿದಿದೆ. ನಮ್ಮ ವಯಸ್ಸಿಗೂ ಮೊದಲೇ ಕೆಲಸ ಕಲಿತು, ಲ್ಯಾಂಬ್ಟನ್ ಬದುಕಿರುವವರೆಗೂ ಆತನ ಜೊತೆಗಿದ್ದ. ಇನ್ನು ಹಳ್ಳಿಗಳಲ್ಲಿ ಜನ ಈ ತಂಡವನ್ನು ಅನುಮಾನದಿಂದಲೇ ನೋಡುತ್ತಿದ್ದರು. ದೂರದರ್ಶಕದಲ್ಲಿ ಮನೆಯ ಹೆಂಗಸರನ್ನು ನೋಡುತ್ತಾರೆ ಎಂಬ ಭಯವಿತ್ತು. ಪರದೇಶದ ಸಿಪಾಯಿಗಳು ನಮ್ಮ ಊರಿನ ಗುಡ್ಡದ ಮೇಲೆ ದುರ್ಬೀನು ನೆಟ್ಟರೆ ನಾವೂ ಹಾಗೇ ನೋಡುತ್ತಿದ್ದೆವು.

ಹಿಮಾಲಯ ನೋಡದವನ ಹಿಮಾಲಯ

1818ರಲ್ಲಿ ಸಮೀಕ್ಷೆ ಮದ್ರಾಸ್ ಸರ್ಕಾರದ ಕೈಯಿಂದ ಕಲ್ಕತ್ತೆಯ ಸರ್ಕಾರದ ಕೈಗೆ ಹೋಯಿತು. ಅದೇ ವರ್ಷ ಆತನಿಗೆ ಸಹಾಯಕನಾಗಿ ನೇಮಕಗೊಂಡವನು ಜಾರ್ಜ್ ಎವರೆಸ್ಟ್. ಗುರು ಶಾಂತ ಸ್ವಭಾವದವನು, ಶಿಷ್ಯ ಮುಂಗೋಪಿ. ಆ ಹೊತ್ತಿಗೆ ಲ್ಯಾಂಬ್ಟನ್ ಹೈದರಾಬಾದಿನಲ್ಲಿದ್ದ. ಮೈಗೆ ಸೋಲು ಬಂದಿತ್ತು, ಬಿಡದ ಕೆಮ್ಮು. ಆದರೂ ಕಚೇರಿಯನ್ನು ನಾಗಪುರಕ್ಕೆ ಸಾಗಿಸಿ ಅಳತೆಯನ್ನು ಇನ್ನೂ ಉತ್ತರಕ್ಕೆ ಒಯ್ಯಬೇಕೆಂದು ಹೊರಟ. ನಾಗಪುರ ತಲುಪಲಿಲ್ಲ. 1823ರ ಜನವರಿ 20ರಂದು, ಈಗ ಮಹಾರಾಷ್ಟ್ರದ ವರ್ಧಾ ಜಿಲ್ಲೆಯಲ್ಲಿರುವ ಹಿಂಗಣಘಾಟ್‌ನಲ್ಲಿ ಡೇರೆಯಲ್ಲೇ ಪ್ರಾಣ ಬಿಟ್ಟ. ವಯಸ್ಸು ಸುಮಾರು ಎಪ್ಪತ್ತು. ಸಮಾಧಿಯೂ ಅಲ್ಲೇ ಇದೆ. ಅಷ್ಟರಲ್ಲಿ ಆತನ ತ್ರಿಕೋನಗಳು ಸುಮಾರು 1,65,000 ಚದರ ಮೈಲಿ ನೆಲವನ್ನು ಹೊದಿಸಿದ್ದವು.

ಮುಂದಿನದು ನಮಗೆಲ್ಲ ಗೊತ್ತಿರುವ ಕತೆ. ಎವರೆಸ್ಟ್ ಮಹಾ ಚಾಪವನ್ನು ಹಿಮಾಲಯದ ಬುಡದವರೆಗೆ ಒಯ್ದ. ಆತನ ನಂತರ ಬಂದ ಆಂಡ್ರ್ಯೂ ವಾ ಕಾಲದಲ್ಲಿ ಹಿಮಾಲಯದ ಶಿಖರಗಳನ್ನು ನೂರಕ್ಕೂ ಹೆಚ್ಚು ಮೈಲಿ ದೂರದಿಂದ ಅಳೆದರು. ನೇಪಾಳದೊಳಗೆ ಹೋಗಲು ಅನುಮತಿ ಇರಲಿಲ್ಲ. ಲೆಕ್ಕ ಮಾಡಿದವರಲ್ಲಿ ಮುಖ್ಯರು ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರ್. 1856ರಲ್ಲಿ 15ನೇ ಸಂಖ್ಯೆಯ ಶಿಖರ ಜಗತ್ತಿನಲ್ಲೇ ಎತ್ತರ, 29,002 ಅಡಿ ಎಂದು ಪ್ರಕಟವಾಯಿತು. ಇಂದಿನ ಅಳತೆಗಿಂತ ಸುಮಾರು 30 ಅಡಿ ಮಾತ್ರ ಕಡಿಮೆ.

ಇಲ್ಲಿ ಲ್ಯಾಂಬ್ಟನ್ ಎಲ್ಲಿ ಬಂದ? ನೂರು ಮೈಲಿ ದೂರದ ಬೆಟ್ಟದ ಕೆಳಭಾಗ ಭೂಮಿಯ ಗುಂಡಗಿನ ಹಿಂದೆ ಅಡಗಿರುತ್ತದೆ. ಸರ್ವೇ ಪುಸ್ತಕದ ಸರಳ ಸೂತ್ರ ಹಾಕಿದರೆ ನೂರು ಮೈಲಿಗೆ ನೆಲ ಸುಮಾರು 6,600 ಅಡಿ ಕೆಳಗೆ ಬಾಗುತ್ತದೆ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಹೆಚ್ಚು! ಗಾಳಿಯಲ್ಲಿ ಬೆಳಕು ಬಾಗುವುದರಿಂದ ಅದರಲ್ಲಿ ಒಂದಿಷ್ಟು ಮತ್ತೆ ಮೇಲೆ ಕಾಣುತ್ತದೆ. ಭೂಮಿ ಎಷ್ಟು ಬಾಗಿದೆ, ಬೆಳಕು ಎಷ್ಟು ಬಾಗುತ್ತದೆ ಎಂದು ತಿಳಿಯದೆ ಆ ಎತ್ತರ ಹೇಳಲಾಗದು. ಆ ಎರಡನ್ನೂ ಈ ನೆಲದಲ್ಲಿ ತಾಳ್ಮೆಯಿಂದ ಅಳೆಯಲು ಶುರು ಮಾಡಿದವನು, ಹಿಮಾಲಯವನ್ನು ಕಣ್ಣಾರೆ ನೋಡದ ಲ್ಯಾಂಬ್ಟನ್.

ಶಿಖರಕ್ಕೆ ವಾ ತನ್ನ ಹಿಂದಿನ ಅಧಿಕಾರಿ ಎವರೆಸ್ಟ್ ಹೆಸರಿಟ್ಟ. ಸ್ಥಳೀಯ ಹೆಸರುಗಳನ್ನೇ ಉಳಿಸುವ ಪದ್ಧತಿ ಸಮೀಕ್ಷೆಯಲ್ಲಿತ್ತು, ಇಲ್ಲಿ ಮಾತ್ರ ಅದು ತಪ್ಪಿತು. ಟಿಬೆಟಿನ ಜನಕ್ಕೆ ಅದು ಚೋಮೊಲುಂಗ್ಮ. ನೇಪಾಳ ಇಂದು ಅದನ್ನು ಸಾಗರಮಾತಾ ಎನ್ನುತ್ತದೆ. ನಮ್ಮ ಬೆಟ್ಟಗಳಿಗೆ ಅಂಥ ಗತಿ ಬರಲಿಲ್ಲ. ದೊಡ್ಡಬೆಟ್ಟ ದೊಡ್ಡಬೆಟ್ಟವಾಗಿಯೇ ಉಳಿಯಿತು, ಕುದುರೆಮುಖ ಕುದುರೆಮುಖವಾಗಿಯೇ. ರಾಧಾನಾಥರ ಹೆಸರಿನ ಶಿಖರವಿಲ್ಲ. ಬೆಂಗಳೂರಿನಲ್ಲಿ ಸರಪಳಿ ಹಿಡಿದವರ ಹೆಸರಿನದೂ ಇಲ್ಲ.

ಉಳಿದ ಗುರುತು, ಅಳಿದ ಗುರುತು

1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಆಧಾರರೇಖೆ ಅಳೆದರು. ಮೇಖ್ರಿ ವೃತ್ತದ ಕಡೆಯಿಂದ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನವರೆಗೆ, ಸುಮಾರು ಏಳು ಮೈಲಿ. ಕಣ್ಣೂರಿನಲ್ಲಿ ಅದರ ತುದಿಯನ್ನು ಕಾಯುತ್ತಿದ್ದ ಚಿಕ್ಕ ವೀಕ್ಷಣಾಲಯ ನೂರೈವತ್ತು ವರ್ಷ ನಿಂತಿತ್ತು. ನೋಡಬೇಕು ಎಂದು ನಾನು ಪಟ್ಟಿ ಮಾಡಿಕೊಂಡಿದ್ದೆ. ಸೆಮಿಸ್ಟರ್ ಪರೀಕ್ಷೆ ಮುಗಿಯಲಿ, ಇಂಟರ್ನಲ್ಸ್ ಮುಗಿಯಲಿ ಎಂದು ಮುಂದೂಡಿದೆ. 2024ರಲ್ಲಿ ಅದು ನೆಲಸಮವಾಯಿತು. ಸುದ್ದಿ ಓದಿದ ದಿನ ಮನೆಯವರೊಬ್ಬರು ಹೇಳದೆ ಊರು ಬಿಟ್ಟು ಹೋದ ಹಾಗಾಯಿತು.

ಈಗ ಉಪಗ್ರಹ ಇದೆ, ಟೋಟಲ್ ಸ್ಟೇಷನ್ ಇದೆ, ಫೋನಿನಲ್ಲೇ ಎತ್ತರ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ಆ ಹಳೆಯ ಸರಪಳಿಯ ಕತೆ ನಮಗೇಕೆ ಎನ್ನಬಹುದು. ನಾಳೆ ನಮ್ಮಲ್ಲಿ ಕೆಲವರು ಸೇತುವೆ, ಮೆಟ್ರೊ ಕಂಬ, ಅಪಾರ್ಟ್‌ಮೆಂಟಿನ ಅಡಿಪಾಯಗಳಿಗೆ ಅಳತೆ ಬರೆಯುತ್ತೇವೆ. ಅಲ್ಲೂ ಬಿಸಿಲಿರುತ್ತದೆ, ಹಸಿವಿರುತ್ತದೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುವ ದಾರಿಯೂ ಇರುತ್ತದೆ. ಅಲ್ಲಿ ತಿದ್ದಿದ ಅಂಕಿಯ ಮೇಲೆ ಜನ ನಡೆದಾಡುತ್ತಾರೆ.

ಕಳೆದ ತಿಂಗಳು ನಾವು ನಾಲ್ವರು ಗೆಳೆಯರು ಲ್ಯಾಬ್‌ನಲ್ಲಿ ಅನುಮತಿ ಪಡೆದು, ಅದೇ ಮೈದಾನದಲ್ಲಿ ಅದೇ ನಾಲ್ಕು ಕೋನಗಳನ್ನು ಮತ್ತೆ ಅಳೆದೆವು. ಅಂಕ ಇಲ್ಲ, ಸಹಿ ಇಲ್ಲ. ಮೊದಲ ಸಲ ಕೂಡಲಿಲ್ಲ. ಎರಡನೇ ಸಲವೂ ಇಲ್ಲ. ಟ್ರೈಪಾಡಿನ ಒಂದು ಕಾಲು ಸಡಿಲ ಮಣ್ಣಿನಲ್ಲಿ ಕುಸಿಯುತ್ತಿದ್ದುದು ಮೂರನೇ ಸಲ ಕಣ್ಣಿಗೆ ಬಿತ್ತು. ಜಾಗ ಬದಲಿಸಿ ನಾಲ್ಕನೇ ಸಲ ಅಳೆದಾಗ ಒಟ್ಟು 360 ಡಿಗ್ರಿಗೆ 40 ಸೆಕೆಂಡ್ ಕಡಿಮೆ ಬಂತು. ಆ 40 ಸೆಕೆಂಡನ್ನು ನಾವು ಹಾಗೆಯೇ ಬರೆದಿಟ್ಟಿದ್ದೇವೆ.